ಕಳೆದುಹೋದ ಪ್ಯಾಕೆಟ್ಟು: ಹುಣಸೆಬೀಜಗಳಿಂದ ಒಂದು ಪಾಠ

ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂಬುದು ಬೋಧನಶಾಸ್ತ್ರದ ಮೊದಲನೆಯ ಸೂತ್ರ. ಆದುದರಿಂದ ಈ ಪಾಠವನ್ನು ನಮ್ಮ ವಾಚಕರೆಲ್ಲರೂ ಬಲ್ಲ ಒಂದು ಸಂಗತಿಯಿಂದ ಆರಂಭಿಸುತ್ತೇವೆ. ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿದು ದೂರದಲ್ಲಿರುವ ಮಗಳಿಗೆ ಒಂದು ಚಿತ್ರವನ್ನು ಕಳುಹಿಸಲು ಹೊರಟಿರುವಿರಿ. ತೆರೆಯ ಮೇಲೆ ಚಕ್ರವು ಸುತ್ತುತ್ತಲೇ ಇರುವುದು, ಚಿತ್ರವು ಹೋಗದು. ಆಗ ನಾವೆಲ್ಲರೂ ಆಡುವ ಮಾತು, "ನೆಟ್‌ವರ್ಕ್ ಇಲ್ಲ" ಎಂಬುದು. ಜ್ವರವೆಂಬ ಒಂದೇ ಹೆಸರಿನ ಹಿಂದೆ ಬೇರೆ ಬೇರೆ ರೋಗಗಳಿರುವಂತೆ, ಈ ಒಂದು ಮಾತಿನ ಹಿಂದೆ ಎರಡು ಬೇರೆ ಕಾರಣಗಳುಂಟು. ಒಂದಕ್ಕೆ ತಕ್ಕ ಮದ್ದು ಇನ್ನೊಂದಕ್ಕೆ ಹಾನಿಕರ. ಇವೆರಡನ್ನು ವಿಂಗಡಿಸಿ ತಿಳಿಯುವುದೇ ಈ ಪಾಠದ ಉದ್ದೇಶ. ಇದನ್ನು ಆರಿಸಿಕೊಳ್ಳುವುದಕ್ಕೆ ನಮ್ಮದೇ ಆದ ಒಂದು ಕಾರಣವೂ ಇದೆ; ಅದನ್ನು ಕಡೆಯಲ್ಲಿ ಅರಿಕೆಮಾಡುತ್ತೇವೆ.

1. ದಟ್ಟಣೆಯೂ ಗಾಳಿಯೂ

ವಿಜಯದಶಮಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಜಂಬೂ ಸವಾರಿ ಸಾಗುವಾಗ ದಾರಿಯ ಇಕ್ಕೆಲಗಳಲ್ಲಿ ನಿಂತ ಜನರು ಒಂದೇ ಸಮಯದಲ್ಲಿ ಅಂಬಾರಿಯ ಚಿತ್ರವನ್ನು ತೆಗೆದು ನೆಂಟರಿಷ್ಟರಿಗೆ ಕಳುಹಿಸುವರು. ಹತ್ತಿರದ ಮೊಬೈಲ್ ಗೋಪುರವು ಒಂದು ಕ್ಷಣಕ್ಕೆ ಇಷ್ಟನ್ನೇ ಸಾಗಿಸಬಲ್ಲದೆಂಬ ಮಿತಿಯುಂಟು. ಮಿಕ್ಕುದೆಲ್ಲವೂ ಸರದಿಯಲ್ಲಿ ಕಾಯಬೇಕು. ಕಾಯುವ ಸ್ಥಳವೂ ತುಂಬಿದರೆ ಹೊಸದಾಗಿ ಬಂದದ್ದು ಹೊರಗೆ ಬಿದ್ದು ನಷ್ಟವಾಗುವುದು. ಇದು ದಟ್ಟಣೆ. ಇಲ್ಲಿ ಎಲ್ಲರೂ ತಮ್ಮ ವೇಗವನ್ನು ಕಡಿಮೆಮಾಡಿಕೊಂಡರೆ ಮಾತ್ರ ಎಲ್ಲರಿಗೂ ದಾರಿ ದೊರೆಯುವುದು.

ಅದೇ ಸಾಯಂಕಾಲ ಕಾಡಂಚಿನ ಒಂದು ಹಳ್ಳಿಯಲ್ಲಿ ಒಬ್ಬಳೇ ಹುಡುಗಿ ಫೋನು ಹಿಡಿದು ಕುಳಿತಿರುವಳು. ಅಲ್ಲಿ ಜನಸಂದಣಿಯಿಲ್ಲ. ಆದರೆ ಗೋಪುರವು ದೂರ, ನಡುವೆ ಗುಡ್ಡ, ಮನೆಯದು ದಪ್ಪ ಗೋಡೆ. ರೇಡಿಯೋ ಅಲೆಗಳು ಕ್ಷೀಣವಾಗಿ ಬಂದು, ಅವು ಹೊತ್ತ ಅಕ್ಷರಗಳು ಕೆಡುವುವು. ಕೆಟ್ಟ ಭಾಗವನ್ನು ಯಂತ್ರವು ಎಸೆದುಬಿಡುವುದು. ನಷ್ಟವೇನೋ ಇಲ್ಲಿಯೂ ಆಯಿತು. ಆದರೆ ಇಲ್ಲಿ ವೇಗವನ್ನು ತಗ್ಗಿಸಿದರೆ ಯಾರಿಗೂ ಲಾಭವಿಲ್ಲ. ಕೆಟ್ಟುದನ್ನು ತಡಮಾಡದೆ ಮತ್ತೊಮ್ಮೆ ಕಳುಹಿಸುವುದೇ ತಕ್ಕ ಉಪಾಯ. ಈ ಎರಡನೆಯ ಕಾರಣವನ್ನು ಸುಲಭಕ್ಕಾಗಿ "ಗಾಳಿ" ಎಂದು ಕರೆಯೋಣ.

2. ರಸೀದಿಯ ಕ್ರಮ

ನಮ್ಮ ಮೈಸೂರಿಗೆ ತಂತಿಯಿಲ್ಲದ ಮಾತು ಹೊಸದಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಈ ನಗರದ ತಮ್ಮ ಮನೆಯಿಂದಲೇ "ಆಕಾಶವಾಣಿ"ಯನ್ನು ಆರಂಭಿಸಿದರು. ಆದರೆ ಆ ಬಗೆಯ ಪ್ರಸಾರದಲ್ಲಿ ಹೇಳುವವರು ಹೇಳುತ್ತ ಹೋಗುವರು. ಕೇಳುವವರಿಗೆ ಮುಟ್ಟಿತೋ ಇಲ್ಲವೋ ಎಂಬುದು ಅವರಿಗೆ ತಿಳಿಯದು. ಹಾಡಿನಲ್ಲಿ ಒಂದು ಸ್ವರ ತಪ್ಪಿದರೆ ತಪ್ಪಿತು, ಅಷ್ಟೆ.

ಬ್ಯಾಂಕಿನ ಲೆಕ್ಕವಾಗಲಿ ಮಕ್ಕಳ ಪಾಠವಾಗಲಿ ಹಾಗೆ ಹೋಗಲಾಗದು. ಒಂದು ಅಕ್ಷರವೂ ತಪ್ಪಬಾರದು. ಅದಕ್ಕಾಗಿ ಅಮೆರಿಕಾದ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬಿಬ್ಬರು 1974ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು. ಅದರಿಂದ ಬೆಳೆದುಬಂದುದೇ ಟಿ.ಸಿ.ಪಿ. ಎಂಬ ನಿಯಮಾವಳಿ. ದೊಡ್ಡ ಪತ್ರವೊಂದನ್ನು ಸಣ್ಣ ತುಂಡುಗಳಾಗಿ ಮಾಡಿ, ಒಂದೊಂದಕ್ಕೂ ಸಂಖ್ಯೆ ಹಾಕಿ ಕಳುಹಿಸುವರು. ಈ ತುಂಡಿಗೆ ಪ್ಯಾಕೆಟ್ಟು ಎಂದು ಹೆಸರು. ಪಡೆದವನು, ನಮ್ಮ ಬಾಲ್ಯದ ರಿಜಿಸ್ಟರ್ ಟಪಾಲಿನಲ್ಲಿ ಸಹಿಯಾದ ಚೀಟಿ ಹಿಂದಿರುಗುತ್ತಿದ್ದಂತೆ, ರಸೀದಿಯನ್ನು ಕಳುಹಿಸುವನು. ಆ ರಸೀದಿಯಲ್ಲಿ, "ನಾನು ಮುಂದೆ ಕಾಯುತ್ತಿರುವುದು ಇಂಥ ಸಂಖ್ಯೆಯ ಪ್ಯಾಕೆಟ್ಟನ್ನು" ಎಂದಿರುವುದು. 7ನೆಯದು ಕಳೆದು 8, 9, 10 ಮುಟ್ಟಿದರೆ ಅವನು ಮೂರು ಸಲವೂ "7ಕ್ಕೆ ಕಾಯುತ್ತಿದ್ದೇನೆ" ಎಂದೇ ಬರೆಯುವನು. ಒಂದೇ ಮಾತು ಹೀಗೆ ಮೂರು ಸಲ ಮರುಕಳಿಸಿದರೆ 7ನೆಯದು ಕಳೆದಿದೆಯೆಂದು ತಿಳಿದು ಕೂಡಲೆ ಅದನ್ನು ಮತ್ತೆ ಕಳುಹಿಸಬೇಕು. ರಸೀದಿಯೇ ಬಾರದಿದ್ದರೆ ಒಂದು ನಿಯಮಿತ ಕಾಲದವರೆಗೆ ಕಾದು, ಅನಂತರ ಕಳುಹಿಸಬೇಕು. ಈ ಮೂರು ಸಲದ ಬೇಡಿಕೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

3. 1986ರ ಅನುಭವ

ರಸೀದಿಗೆ ಕಾದು ಪುನಃ ಕಳುಹಿಸುವ ಈ ಕ್ರಮವೇ ಒಮ್ಮೆ ಅನರ್ಥಕ್ಕೆ ಕಾರಣವಾಯಿತು. 1986ರ ಅಕ್ಟೋಬರಿನಲ್ಲಿ ಅಮೆರಿಕಾದ ಲಾರೆನ್ಸ್ ಬರ್ಕಲಿ ಪ್ರಯೋಗಶಾಲೆಗೂ ಅಲ್ಲಿಂದ ಸುಮಾರು 400 ಗಜ ದೂರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೂ ನಡುವಣ ದಾರಿಯಲ್ಲಿ, ಸೆಕೆಂಡಿಗೆ 32,000 ಬಿಟ್‌ಗಳ ವೇಗವು 40 ಬಿಟ್‌ಗಳಿಗೆ ಇಳಿಯಿತು. ದಾರಿ ತುಂಬಿ ಪ್ಯಾಕೆಟ್ಟುಗಳು ಬಿದ್ದಂತೆಲ್ಲ, ಕಳುಹಿಸುವ ಯಂತ್ರಗಳು ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ಇನ್ನೂ ತುಂಬಿದುವು.

ಅದನ್ನು ಪರೀಕ್ಷಿಸಿದ ವ್ಯಾನ್ ಜೇಕಬ್ಸನ್ ಎಂಬವರು 1988ರಲ್ಲಿ ಪರಿಹಾರವನ್ನು ಪ್ರಕಟಿಸಿದರು. ಅದರ ಸಾರವಿದು: ಆರಂಭದಲ್ಲಿ ಒಂದೇ ಪ್ಯಾಕೆಟ್ಟನ್ನು ಕಳುಹಿಸು, ರಸೀದಿ ಬಂದರೆ ಎರಡು, ಆಮೇಲೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋಗು, ಒಂದು ಮಟ್ಟವನ್ನು ಮುಟ್ಟಿದ ಮೇಲೆ ಸುತ್ತಿಗೆ ಒಂದರಂತೆ ಮಾತ್ರ ಹೆಚ್ಚಿಸು, ನಷ್ಟವು ಕಂಡರೆ ತಗ್ಗು. ಎರಡು ವರ್ಷಗಳ ತರುವಾಯ ಬಂದ "ರೀನೋ" ಎಂಬ ರೂಪದಲ್ಲಿ, ಮೂರು ಮರುರಸೀದಿಗಳಿಂದ ತಿಳಿದ ನಷ್ಟಕ್ಕೆ ಅರ್ಧಕ್ಕೆ ಇಳಿಯುವುದು, ರಸೀದಿಯೇ ನಿಂತುಹೋದರೆ ಪುನಃ ಒಂದರಿಂದ ಮೊದಲುಮಾಡುವುದು ಎಂದು ಗೊತ್ತಾಯಿತು.

ಈ ನಿಯಮದ ಬುಡದಲ್ಲಿ ಒಂದು ನಂಬಿಕೆಯಿದೆ. ತಂತಿಯ ದಾರಿಯಲ್ಲಿ ಪ್ಯಾಕೆಟ್ಟು ತಾನಾಗಿ ಕೆಡುವುದು ನೂರಕ್ಕೆ ಒಂದಕ್ಕಿಂತ ಬಹಳ ಕಡಿಮೆ. ಆದುದರಿಂದ ಕಳೆದುಹೋದುದೆಲ್ಲ ದಟ್ಟಣೆಯಿಂದಲೇ ಕಳೆದುಹೋಯಿತೆಂದು ಎಣಿಸಬಹುದು. ತಂತಿಗೆ ಈ ನಂಬಿಕೆ ಸರಿಯಾಗಿತ್ತು. ತಂತಿಯನ್ನು ತೆಗೆದು ಗಾಳಿಯನ್ನು ನಂಬಿದಾಗ ಏನಾಯಿತು?

4. ಅಂಗಳದ ಆಟ

ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಲೇಸೆಂದು 9ನೆಯ ತರಗತಿಯ ಹುಡುಗಿಯರನ್ನು ಅಂಗಳಕ್ಕೆ ಕರೆದುಕೊಂಡು ಹೋದೆವು. ಒಬ್ಬಳು ಹುಣಸೆಬೀಜಗಳನ್ನು ಕಳುಹಿಸುವವಳು; ಒಬ್ಬಳು ಪಡೆಯುವವಳು; ನಡುವೆ ಬಾಗಿಲು ಕಾಯುವವಳು ಒಬ್ಬಳು. ಬಾಗಿಲಿನವಳು ಸುತ್ತೊಂದಕ್ಕೆ 8 ಬೀಜಗಳನ್ನು ಮಾತ್ರ ದಾಟಿಸುವಳು. ಮಿಕ್ಕುವನ್ನು ಪಕ್ಕದ ಬುಟ್ಟಿಯಲ್ಲಿಡುವಳು. ಬುಟ್ಟಿಯಲ್ಲಿ 4ಕ್ಕೆ ಮಾತ್ರ ಸ್ಥಳ. ದಾರಿಯಲ್ಲಿ ಒಟ್ಟು ಎಷ್ಟು ಬೀಜಗಳಿರಬೇಕೆಂದು ಕಳುಹಿಸುವವಳು ಹಲಗೆಯ ಮೇಲೆ ಬರೆಯುವಳು. ಎಲ್ಲವೂ ಕ್ಷೇಮವಾದರೆ ಮುಂದಿನ ಸುತ್ತಿಗೆ ಒಂದನ್ನು ಹೆಚ್ಚಿಸುವಳು. ಒಂದು ಕಳೆದರೂ ಅರ್ಧಕ್ಕೆ ಇಳಿಸುವಳು.

ಮೊದಲನೆಯ ಆಟದಲ್ಲಿ ಗಾಳಿಯಿಲ್ಲ. ಹಲಗೆಯ ಮೇಲಿನ ಸಂಖ್ಯೆ 6, 7, 8 ಎಂದು 12ರವರೆಗೆ ಏರಿತು. 13ಕ್ಕೆ ಬುಟ್ಟಿ ತುಂಬಿ ಒಂದು ಬೀಜ ಬಿತ್ತು. ಸಂಖ್ಯೆಯು ಪುನಃ 6ಕ್ಕೆ ಇಳಿಯಿತು. ಈ 8 ಸುತ್ತುಗಳಲ್ಲಿ ಬಾಗಿಲು 64 ಬೀಜಗಳನ್ನು ದಾಟಿಸಬಹುದಾಗಿತ್ತು, 61 ದಾಟಿದುವು. ನಿಯಮವು ಬಹು ಚೆನ್ನಾಗಿ ನಡೆಯಿತೆಂದು ಹುಡುಗಿಯರು ಒಪ್ಪಿದರು.

ಎರಡನೆಯ ಆಟದಲ್ಲಿ ಬಾಗಿಲು ಅದೇ, ನಿಯಮವೂ ಅದೇ. ಆದರೆ ಗಾಳಿಯ ಪಾತ್ರವನ್ನು ವಹಿಸಿದವಳೊಬ್ಬಳು ಪ್ರತಿ 20ನೆಯ ಬೀಜವನ್ನು ಎತ್ತಿಕೊಳ್ಳುವಳು. ಸಂಖ್ಯೆಯು 3ರಿಂದ ಮೊದಲಾಗಿ 6ಕ್ಕೋ 7ಕ್ಕೋ ಏರುವಷ್ಟರಲ್ಲಿ ಒಂದು ಬೀಜ ಹೋಗುವುದು. ಕೂಡಲೆ 3ಕ್ಕೆ ಇಳಿಯುವುದು. 22 ಸುತ್ತುಗಳಾದ ಮೇಲೆ ಎಣಿಸಿದೆವು. ಬಾಗಿಲು 176ನ್ನು ದಾಟಿಸಬಹುದಾಗಿತ್ತು. ಕಳುಹಿಸಿದುದು 104, ಗಾಳಿ ಒಯ್ದುದು 5, ಮುಟ್ಟಿದುದು 99. ಬುಟ್ಟಿಯಲ್ಲಿ ಒಂದು ಬೀಜವೂ ಕೂರಲಿಲ್ಲ.

ಇಲ್ಲಿ ನಿಂತು ಯೋಚಿಸತಕ್ಕದ್ದು. ಗಾಳಿಯಿಂದಾದ ನಷ್ಟ 5 ಬೀಜ. ದಾರಿಯು ತೆರವಾಗಿದ್ದರೂ ಕಳುಹಿಸದೆ ಉಳಿದುದು 72. ಇಷ್ಟು ನಷ್ಟವನ್ನು ಮಾಡಿದುದು ಗಾಳಿಯಲ್ಲ, ಪ್ರತಿಯೊಂದು ನಷ್ಟವನ್ನೂ ದಟ್ಟಣೆಯೆಂದು ತಿಳಿದ ನಮ್ಮ ನಿಯಮ.

ಇದು ಮಕ್ಕಳಾಟದ ಲೆಕ್ಕವಷ್ಟೇ ಅಲ್ಲ. ಈ ಅರ್ಧಿಸುವ ನಿಯಮದಲ್ಲಿ, ಅಲ್ಲೊಂದು ಇಲ್ಲೊಂದಾಗಿ ನೂರಕ್ಕೆ ಒಂದು ಪ್ಯಾಕೆಟ್ಟು ಕಳೆಯುತ್ತಿದ್ದರೆ, ದಾರಿಯಲ್ಲಿ ಸರಾಸರಿ 12 ಪ್ಯಾಕೆಟ್ಟುಗಳು ಮಾತ್ರ ಇರಬಲ್ಲುವೆಂದು 1997ರಲ್ಲಿ ಪ್ರಕಟವಾದ ಒಂದು ಸೂತ್ರದಿಂದ ತಿಳಿಯುವುದು. ನೂರಕ್ಕೆ 4 ಕಳೆದರೆ 6 ಮಾತ್ರ; ಎಂದರೆ ನಷ್ಟ ನಾಲ್ಕು ಪಟ್ಟಾದರೆ ವೇಗ ಅರ್ಧ. ರಸೀದಿ ಬರಲು ಸೆಕೆಂಡಿನ ಹತ್ತರಲ್ಲೊಂದು ಪಾಲು ಹಿಡಿಯುವುದಾದರೆ, ನೂರಕ್ಕೆ ಒಂದು ಕಳೆಯುವ ದಾರಿಯಲ್ಲಿ ಸೆಕೆಂಡಿಗೆ ಸುಮಾರು 15 ಲಕ್ಷ ಬಿಟ್‌ಗಳು ಹೋಗುವುವು. ಆ ದಾರಿ 5 ಕೋಟಿ ಬಿಟ್‌ಗಳಷ್ಟು ಅಗಲವಾಗಿದ್ದರೂ ಅಷ್ಟೆ.

5. ಬೆಂಗಳೂರಿನಲ್ಲಿ ನಡೆದ ವಿಚಾರ

ನಾವು ಬೀಜಗಳಿಂದ ಮಾಡಿದುದನ್ನು ವಿದ್ವಾಂಸರು ಕಂಪ್ಯೂಟರಿನಲ್ಲಿ ಮಾಡುವರು. ಅದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ನಿಜವಾದುದರ ಮಾದರಿಯನ್ನು ನಡೆಸಿ ನೋಡುವುದೆಂದು ಅರ್ಥ. ನಿಜವಾದ ಗಾಳಿಯನ್ನು ನಮ್ಮ ಇಚ್ಛೆಗೆ ತಕ್ಕಂತೆ ಬೀಸಿಸಲಾಗದು. ಎರಡು ನಿಯಮಗಳಲ್ಲಿ ಯಾವುದು ಮೇಲೆಂದು ತಿಳಿಯಬೇಕಾದರೆ ಎರಡಕ್ಕೂ ಒಂದೇ ಬಗೆಯ ಗಾಳಿ ಸಿಕ್ಕಬೇಕು. ಮಾದರಿಯಲ್ಲಿ ಇದು ಸಾಧ್ಯ. ಎನ್‌ಎಸ್-2, ಎನ್‌ಎಸ್-3 ಎಂಬ ಹೆಸರಿನ ಕಂಪ್ಯೂಟರ್ ಸಾಧನಗಳು ಇದಕ್ಕಾಗಿಯೇ ಇರುವುವು. ಯಾರು ಬೇಕಾದರೂ ಅವನ್ನು ವೆಚ್ಚವಿಲ್ಲದೆ ಪಡೆಯಬಹುದು.

ಈ ವಿಷಯದಲ್ಲಿ ನಮ್ಮ ನಾಡಿನವರ ಕೆಲಸವು ಹೆಮ್ಮೆಪಡತಕ್ಕದ್ದಾಗಿದೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 370 ಎಕರೆ ಭೂಮಿ ದೊರೆತುದು ನಮ್ಮ ಮೈಸೂರು ಅರಸರಿಂದ. ಇಂಟರ್‌ನೆಟ್ಟು ನಮ್ಮ ದೇಶದ ಸಾರ್ವಜನಿಕರಿಗೆ ದೊರೆತದ್ದು 1995ರಲ್ಲಿ. ಅದಕ್ಕೂ ಮೊದಲು, 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ಯಾಜಾಲದಲ್ಲಿ ಸೇರಿದ್ದ ಕೆಲವೇ ಸಂಸ್ಥೆಗಳಲ್ಲಿ ಇದೂ ಒಂದು. ಅಲ್ಲಿಯ ಪ್ರಾಧ್ಯಾಪಕರೂ ಮುಂದೆ 2014ರಿಂದ 2020ರವರೆಗೆ ಅದರ ನಿರ್ದೇಶಕರೂ ಆದ ಅನುರಾಗ್ ಕುಮಾರ್ ಅವರು 1998ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತಂತಿಯಿಲ್ಲದ ದಾರಿಯಲ್ಲಿ ಪ್ಯಾಕೆಟ್ಟುಗಳು ಅನಿಯಮಿತವಾಗಿ ಕೆಡುವಾಗ ಟಿ.ಸಿ.ಪಿ.ಯ ಬೇರೆ ಬೇರೆ ರೂಪಗಳು ಹೇಗೆ ನಡೆಯುವುವೆಂದು ಅವರು ಗಣಿತದಿಂದ ಕಂಡು, ನಿಜವಾದ ಟಿ.ಸಿ.ಪಿ. ಬರಹವನ್ನೇ ಬಳಸಿದ ಸಿಮ್ಯುಲೇಷನ್ನಿನೊಡನೆ ಅದನ್ನು ತಾಳೆನೋಡಿದರು.

ಅವರು ತೋರಿಸಿದುದರಲ್ಲಿ ಮುಖ್ಯವಾದ ಒಂದನ್ನು ನಮ್ಮ ಬೀಜಗಳಿಂದಲೇ ವಿವರಿಸಬಹುದು. ದಾರಿಯಲ್ಲಿ 3 ಬೀಜಗಳು ಮಾತ್ರ ಇರುವಾಗ ಒಂದು ಕಳೆಯಿತೆನ್ನೋಣ. ಮುಟ್ಟಬಲ್ಲುವು ಎರಡೇ. "ಅದಕ್ಕೆ ಕಾಯುತ್ತಿದ್ದೇನೆ" ಎಂಬ ಬೇಡಿಕೆಯು ಎರಡು ಸಲ ಬರಬಹುದೇ ಹೊರತು ಮೂರು ಸಲ ಬಾರದು. ಹೀಗಿರಲಾಗಿ ಕಳುಹಿಸುವವಳು ಸುಮ್ಮನೆ ಕುಳಿತು ನಿಯಮಿತ ಕಾಲವು ಕಳೆಯುವುದನ್ನು ಕಾಯಬೇಕು. ಹತ್ತಿರದ ದಾರಿಗಳಲ್ಲಿ ಈ ಕಾಯುವಿಕೆಯೇ ದೊಡ್ಡ ನಷ್ಟ. ಕೆಡುವ ಪ್ಯಾಕೆಟ್ಟುಗಳು ಹೆಚ್ಚಾದಾಗ, ಉತ್ತಮವೆಂದು ಎಣಿಸಲಾಗಿದ್ದ ರೀನೋ ಎಂಬ ರೂಪವು ತನಗಿಂತ ಹಳೆಯದಾದ ಟಾಹೋಗಿಂತ ಮೇಲಾಗಿ ನಡೆಯದೆಂದೂ, ನ್ಯೂರೀನೋ ಎಂಬುದು ಟಾಹೋಗಿಂತ ಸಾಕಷ್ಟು ಮೇಲೆಂದೂ ಕಂಡುಬಂತು. ಮೂರು ಸಲದ ಬೇಡಿಕೆಗೆ ಬದಲಾಗಿ ಒಂದೇ ಸಲಕ್ಕೆ ಕಿವಿಗೊಟ್ಟು ಮತ್ತೆ ಕಳುಹಿಸಿದರೆ ಬಹಳ ಲಾಭವೆಂದೂ ತಿಳಿದುಬಂತು.

ಮಾದರಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ನಮ್ಮ ಆಟದ ಗಾಳಿ ಲೆಕ್ಕವಿಟ್ಟು 20ನೆಯದನ್ನೇ ಎತ್ತಿತು. ನಿಜವಾದ ಗಾಳಿ ಹಾಗಲ್ಲ. ಒಂದು ಗಳಿಗೆ ಏನೂ ಮಾಡದೆ, ಮರುಗಳಿಗೆ ಐದನ್ನು ಒಟ್ಟಿಗೆ ಒಯ್ಯುವುದು. ಒಟ್ಟು ನಷ್ಟ ಒಂದೇ ಆದರೂ ಫಲ ಬೇರೆಯಾಗುವುದು. ಅದಕ್ಕಾಗಿ ಗಿಲ್ಬರ್ಟ್ ಎಂಬವರು 1960ರಲ್ಲಿಯೇ ಒಳ್ಳೆಯ ಹೊತ್ತು, ಕೆಟ್ಟ ಹೊತ್ತು ಎಂಬ ಎರಡು ಸ್ಥಿತಿಗಳ ಮಾದರಿಯನ್ನು ಕೊಟ್ಟರು. ಒಂದು ಸಲ ಆಡಿ ತೀರ್ಮಾನಕ್ಕೆ ಬರಬಾರದು. ಬೇರೆ ಬೇರೆ ಗಾಳಿಗಳಲ್ಲಿ ಹಲವು ಸಲ ಆಡಿ ಸರಾಸರಿಯನ್ನು ನೋಡಬೇಕು. ಮಾದರಿಯಲ್ಲಿ ನಾವು ಮೊದಲೇ ಏನನ್ನು ಊಹಿಸಿಕೊಂಡೆವೋ ಅದರ ಮೇಲೆ ಉತ್ತರವೂ ನಿಂತಿರುವುದು.

6. ಕಂಡುಕೊಂಡ ಉಪಾಯಗಳು

ಮೂರನೆಯ ಆಟದಲ್ಲಿ ಗಾಳಿಯ ಮುಂದೆಯೇ ಇನ್ನೊಬ್ಬ ಹುಡುಗಿಯನ್ನು ನಿಲ್ಲಿಸಿದೆವು. ಗಾಳಿ ಒಯ್ದ ಬೀಜಕ್ಕೆ ಬದಲಾಗಿ ಅವಳು ಕೂಡಲೆ ತನ್ನ ಬಳಿಯ ಬೀಜವನ್ನು ಕೊಡುವಳು. ದೂರದಲ್ಲಿ ಕಳುಹಿಸುವವಳಿಗೆ ನಷ್ಟದ ಸುದ್ದಿಯೇ ತಿಳಿಯದು. ಸಂಖ್ಯೆಯು ಮೊದಲನೆಯ ಆಟದಂತೆಯೇ 12ರವರೆಗೆ ಏರಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಹರಿ ಬಾಲಕೃಷ್ಣನ್ ಮತ್ತು ಅವರ ಸಂಗಡಿಗರು 1995ರಲ್ಲಿ ಪ್ರಕಟಿಸಿದ "ಸ್ನೂಪ್" ಎಂಬ ಉಪಾಯದ ತತ್ತ್ವ ಇದೇ. ವೈ-ಫೈ ಪೆಟ್ಟಿಗೆಗಳೂ ಮೊಬೈಲ್ ಗೋಪುರಗಳೂ ಗಾಳಿಯಲ್ಲಿ ಕೆಟ್ಟುದನ್ನು ತಾವೇ ಅಲ್ಲಲ್ಲಿಯೇ ಪುನಃ ಕಳುಹಿಸುವುವು. ಗೂಗಲ್ ಕಂಪೆನಿಯವರು 2016ರಲ್ಲಿ ಪ್ರಕಟಿಸಿದ ಬಿ.ಬಿ.ಆರ್. ಎಂಬ ಕ್ರಮವು ನಷ್ಟವೊಂದನ್ನೇ ನಂಬದೆ, ದಾರಿಯ ವೇಗವನ್ನೂ ರಸೀದಿ ಬರುವ ಕಾಲವನ್ನೂ ಅಳೆದು ನಡೆಯುವುದು.

ಬುಟ್ಟಿಯನ್ನೇ ದೊಡ್ಡದಾಗಿ ಮಾಡಿದರೆ ಬೀಜ ಬೀಳದಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ಬೀಳದು, ನಿಜ, ಆದರೆ ಬುಟ್ಟಿಯಲ್ಲಿ 80 ಬೀಜಗಳು ಕುಳಿತರೆ ಹೊಸ ಬೀಜಕ್ಕೆ 10 ಸುತ್ತು ಕಾಯಬೇಕು. ಆದುದರಿಂದ ಬುಟ್ಟಿ ತುಂಬುವುದಕ್ಕೆ ಮೊದಲೇ ಎಚ್ಚರಿಸಿ, ದೊಡ್ಡ ಸಾಲಿನ ಹಿಂದೆ ಸಣ್ಣ ಸಾಲು ಸಿಕ್ಕಿಬೀಳದಂತೆ ಒಬ್ಬೊಬ್ಬರಿಗೂ ಬೇರೆ ಸಾಲು ಕೊಡುವ ಕ್ರಮಗಳು ಬಂದುವು. ಅಂಥದೊಂದಾದ ಎಫ್‌ಕ್ಯೂ-ಪೈ ಎಂಬುದನ್ನು ದಕ್ಷಿಣ ಕನ್ನಡದ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯ ಅಧ್ಯಾಪಕ ಮೋಹಿತ್ ತಹಿಲಿಯಾನಿಯವರೂ ಅವರ ವಿದ್ಯಾರ್ಥಿಗಳೂ ಸಿದ್ಧಪಡಿಸಿ ಕೊಟ್ಟರು. ಅದು 2020ರಲ್ಲಿ ಲೋಕದಾದ್ಯಂತ ಬಳಸುವ ಲಿನಕ್ಸಿನ 5.6ನೆಯ ಆವೃತ್ತಿಯಲ್ಲಿ ಸೇರಿತು.

7. ನಮ್ಮ ಅರಿಕೆ

ಇನ್ನು ಮೊದಲಲ್ಲಿ ಹೇಳಿದ ಕಾರಣ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿದಾಗ ನಾವೂ ಫೋನಿನ ಮೂಲಕ ಪಾಠಗಳನ್ನು ಕಳುಹಿಸಿದೆವು. ಒಂದೇ ತರಗತಿಯ ಇಬ್ಬರು ಹುಡುಗಿಯರಿಂದ ಉತ್ತರಗಳು ಸರಿಯಾಗಿ ಬರುತ್ತಿರಲಿಲ್ಲ.

ಒಬ್ಬಳು ಹೆಗ್ಗಡದೇವನಕೋಟೆಯ ಕಡೆಯ ಹಳ್ಳಿಯವಳು. ಉತ್ತರ ಬಾರದಿದ್ದಾಗ ಈ ಮಗುವಿಗೆ ಮನಸ್ಸಿಲ್ಲವೆಂದು ತಿಳಿದು, ಅವಳಿಗೆ ಕಳುಹಿಸುವ ಅಭ್ಯಾಸಗಳನ್ನು ಕಡಿಮೆಮಾಡುತ್ತ ಬಂದೆವು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ "ಉದಾಸೀನ" ಎಂದು ಬರೆದವರು ನಾವೇ. ಇನ್ನೊಬ್ಬಳು ನಗರದವಳು, ಮಾತಿನಲ್ಲಿ ಚುರುಕು. ಅವಳ ಫೋನೇ ಸರಿಯಿಲ್ಲವೆಂದು ಊಹಿಸಿ ಕರುಣೆಯಿಂದ ಒಂದೊಂದು ಪಾಠವನ್ನೂ ಎರಡು ಮೂರು ಸಲ ಕಳುಹಿಸಿದೆವು.

2021ರ ಜನವರಿಯಲ್ಲಿ 10ನೆಯ ತರಗತಿಯು ಮರಳಿ ಕೂಡಿದಾಗ ನಿಜ ತಿಳಿಯಿತು. ನಗರದ ಹುಡುಗಿಯ ಮನೆಯಲ್ಲಿ ಮೂವರು ಮಕ್ಕಳಿಗೆ ಒಂದೇ ಫೋನು. ಅಡಿಗೆಯೂ ತಮ್ಮಂದಿರ ಪೋಷಣೆಯೂ ಅವಳ ಮೇಲೆಯೇ ಬಿದ್ದಿದ್ದುವು. ಅವಳ ಬುಟ್ಟಿ ತುಂಬಿತ್ತು. ನಾವು ಇನ್ನೂ ತುಂಬಿದೆವು. ಹಳ್ಳಿಯ ಹುಡುಗಿಯ ಪುಸ್ತಕದಲ್ಲಿ ಅವಳಿಗೆ ಮುಟ್ಟಿದ ಪ್ರತಿಯೊಂದು ಅಭ್ಯಾಸವೂ ತಾರೀಖು ಸಹಿತವಾಗಿ ಮಾಡಲ್ಪಟ್ಟಿತ್ತು. ನಡುವೆ ಒಂದು ಖಾಲಿ ಪುಟ. ಮೇಲ್ಗಡೆ "ಪಾಠ 14, ಬರಲಿಲ್ಲ" ಎಂದಿತ್ತು. ನಮ್ಮ ಫೋನನ್ನು ತೆಗೆದು ಹಿಂದಿನ ಸಂದೇಶಗಳನ್ನು ನೋಡಿದೆವು. "ಅಮ್ಮಾ, 14ನೆಯ ಪಾಠ ಬರಲಿಲ್ಲ" ಎಂದು ಅವಳು ಮೂರು ಸಲ ಬರೆದಿದ್ದಳು. ಮೂರು ಸಲವೂ ಅದೇ ನೆಪವೆಂದು ನಾವು ಅದನ್ನು ದಾಟಿಸಿಬಿಟ್ಟಿದ್ದೆವು. ಯಂತ್ರವೂ ಮೂರನೆಯ ಸಲಕ್ಕೆ ಪುನಃ ಕಳುಹಿಸುತ್ತಿತ್ತು. ತರಬೇತಿ ಹೊಂದಿದ ಉಪಾಧ್ಯಾಯಿನಿಯರಾದ ನಾವು ಕಳುಹಿಸಲಿಲ್ಲ.

ಆ ಮಗುವನ್ನು ಕರೆದು, ತಪ್ಪು ನಮ್ಮದೆಂದು ಹೇಳಿದೆವು. ಹಾಜರಿ ಪುಸ್ತಕದ ಆ ಮಾತನ್ನು ಅವಳ ಮುಂದೆಯೇ ಹೊಡೆದುಹಾಕಿದೆವು. 14ನೆಯ ಪಾಠವನ್ನು ಅಂದೇ ಮಧ್ಯಾಹ್ನ ಕುಳಿತು ಹೇಳಿಕೊಟ್ಟೆವು. ಅಂದಿನಿಂದ ಒಬ್ಬ ಹುಡುಗಿಯಿಂದ ಉತ್ತರ ಬಾರದಿದ್ದರೆ, ಅವಳ ಮೇಲೆ ಭಾರ ಹೆಚ್ಚಾಗಿದೆಯೋ, ನಮ್ಮ ಮಾತು ಅವಳಿಗೆ ಮುಟ್ಟಿಯೇ ಇಲ್ಲವೋ ಎಂದು ಕೇಳದೆ ಯಾವ ಉಪಾಧ್ಯಾಯಿನಿಯೂ ಅವಳ ಹೆಸರಿನ ಮುಂದೆ ಏನನ್ನೂ ಬರೆಯಕೂಡದೆಂದು ಗೊತ್ತುಮಾಡಿದ್ದೇವೆ. ತಾಯಿತಂದೆಗಳೂ ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಬೇಕೆಂದು ಪ್ರಾರ್ಥಿಸುತ್ತೇವೆ.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

1. 20 ಚೀಟಿಗಳಲ್ಲಿ ಒಂದಕ್ಕೆ ಗುರುತು ಮಾಡಿ. ಒಂದೊಂದು ಬೀಜಕ್ಕೂ ಒಂದು ಚೀಟಿಯನ್ನೆತ್ತಿ ನೋಡಿ ಮತ್ತೆ ಬೆರೆಸಿ. ಗುರುತಿನದು ಬಂದರೆ ಆ ಬೀಜ ಕಳೆಯಿತು. 22 ಸುತ್ತು ಆಡಿ, ನಮ್ಮ 99ರೊಡನೆ ಹೋಲಿಸಿ. ಐದು ಸಲ ಆಡಿ ಸರಾಸರಿಯನ್ನು ತೆಗೆಯಿರಿ.

2. ಅದೇ ಆಟದಲ್ಲಿ, ನಷ್ಟವಾದಾಗ ಅರ್ಧಕ್ಕೆ ಇಳಿಯದೆ ಒಂದನ್ನು ಮಾತ್ರ ಕಡಿಮೆಮಾಡಿ. ಏನು ಬದಲಾಯಿತು? ಇದೇ ನಿಯಮವನ್ನು ದಸರೆಯ ದಿನ ಎಲ್ಲರೂ ಅನುಸರಿಸಿದರೆ ಏನಾದೀತು?

3. ದಾರಿಯಲ್ಲಿ 4 ಬೀಜಗಳಿದ್ದು ಮೊದಲನೆಯದು ಕಳೆದರೆ ಎಷ್ಟು ಸಲ ಬೇಡಿಕೆ ಬರುವುದು? ಕಡೆಯದು ಕಳೆದರೆ?